ನೂಲಕ್ಕ

ಜೀವಕೋಶದೊಳಗೆ ಕ್ರೊಮಾಟಿನ್ ಎಂಬ ನೂಲು ಎಲ್ಲಿ ಬಿಗಿದಿದೆ, ಎಲ್ಲಿ ಸಡಿಲವಾಗಿದೆ ಎಂದು ನೋಡುವುದರಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ಆ ವಿಜ್ಞಾನಿಯನ್ನು ಪ್ರಯೋಗಾಲಯದವರು ಬೆನ್ನ ಹಿಂದೆ ನೂಲಕ್ಕ ಎನ್ನುತ್ತಾರೆ. ಲಿಫ್ಟಿನಲ್ಲಿ ಸಿಕ್ಕವರನ್ನೂ ಬಿಡದೆ, ಸ್ವೆಟರಿನ ಎಳೆಯೊಂದನ್ನು ಜಗ್ಗಿ ಬೆರಳಿಗೆ ಸುತ್ತಿ, "ನೋಡಿ, ಹೀಗೆ ಬಿಗಿಯಾಗಿ ಸುತ್ತಿದ್ರೆ ಇದರಲ್ಲಿ ಬರೆದಿರೋದನ್ನ ಕೋಶಕ್ಕೆ ಓದೋಕಾಗಲ್ಲ" ಎಂದು ಪಾಠ ಶುರುಮಾಡುತ್ತಾರೆ. ಪಾಠ ಹೇಳಿ ಹೇಳಿಯೇ ಸ್ವೆಟರಿನ ಎಡತೋಳು ಮೊಣಕೈವರೆಗೆ ಬಿಚ್ಚಿಹೋಗಿದೆಯೆಂದು ಶಿಷ್ಯರ ತಮಾಷೆ. ಸಮ್ಮೇಳನಗಳಲ್ಲಿ ಅವರ ಭಾಷಣಕ್ಕೆ ನಿಲ್ಲಲೂ ಜಾಗವಿರುವುದಿಲ್ಲ, ಊಟದ ಹೊತ್ತಿಗೆ ಮಾತ್ರ ಎದುರಿನ ಕುರ್ಚಿಯಲ್ಲಿ ಅವರ ಚೀಲವೇ ಕೂತಿರುತ್ತದೆ. ಮನೆಯವರ ಬಗ್ಗೆ ಕೇಳಿದರೆ "ಎಲ್ಲ ಚೆನ್ನಾಗಿದಾರೆ" ಎನ್ನುತ್ತಾರೆ. ಆ ಎಲ್ಲರನ್ನು ಕಂಡವರಿಲ್ಲ. ತಾಯಿ ನೆಕ್ಕದ ಇಲಿಮರಿಗಳಲ್ಲಿ ಈ ನೂಲು ಬೇರೆಯೇ ರೀತಿ ಬಿಗಿದುಕೊಳ್ಳುತ್ತದೆಯೇ, ಸವರಿದರೆ ಸಡಿಲವಾಗುತ್ತದೆಯೇ ಎಂಬುದು ಅವರ ಈಚಿನ ಅಧ್ಯಯನ. ಅದಕ್ಕಾಗಿ ಅಂಥ ಮರಿಗಳನ್ನು ದಿನವೂ ಅಂಗೈಯಲ್ಲಿಟ್ಟುಕೊಂಡು, ತಾಯಿಯ ನಾಲಗೆಯಂತೆ ಒದ್ದೆ ಕುಂಚದಿಂದ ಮೆಲ್ಲಗೆ ಸವರುತ್ತಿದ್ದರು. ಅಧ್ಯಯನ ಮುಗಿದು ಪ್ರಕಟವೂ ಆಯಿತು. ಮೊನ್ನೆ ಬೆಳಿಗ್ಗೆ, ತಾಯಿ ಹತ್ತಿರ ಸೇರಿಸದ ಹೊಸ ಮರಿಯೊಂದನ್ನು ಹಿಡಿದು ಅವರು ಮತ್ತೆ ಸವರುತ್ತ ಕೂತಿದ್ದನ್ನು ಕಂಡ ಶಿಷ್ಯೆ, "ಮೇಡಂ, ಪ್ರಯೋಗ ಮುಗೀತಲ್ಲ?" ಎಂದಳು. ನೂಲಕ್ಕ ತಲೆಯೆತ್ತಲಿಲ್ಲ. "ಇದಕ್ಕದು ಗೊತ್ತಿಲ್ವಲ್ಲಮ್ಮ" ಎಂದು ಮರಿಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದರು.