ಪಾಲಾಕ್ಷಪ್ಪ ಮೂರನ್ನು ಒಂದು ಮಾಡಲು ಹೋದದ್ದು

ತೆಲಿಗಿಯ ಹಿಟ್ಟಿನ ಗಿರಣಿಯ ಪಾಲಾಕ್ಷಪ್ಪನಿಗೆ ಹೆಸರಿನಲ್ಲೇ ಹಣೆಗಣ್ಣು ಇತ್ತು; ಇದ್ದ ಎರಡು ಕಣ್ಣಿಗೆ ಮಾತ್ರ ಸೋಡಾ ಬಾಟಲಿಯ ತಳದಂಥ ಕನ್ನಡಕ. ಶಾಲೆಯಲ್ಲಿ ಓದಿದ್ದು ನಾಲ್ಕನೇ ಕ್ಲಾಸು. ಆಮೇಲಿನದೆಲ್ಲ ತಾನೇ ಕಲಿತದ್ದು: ಬೆಲ್ಲ ಕಟ್ಟಿ ಬಂದ ಪೇಪರು, ಪಂಚಾಂಗದ ಹಿಂದಿನ ಪುಟ, ಮಠದವರು ಹಂಚಿದ ಪುಸ್ತಕ, ಔಷಧಿ ಡಬ್ಬಿಯೊಳಗಿನ ಚೀಟಿ. ಎಪ್ಪತ್ತೊಂದು ವರ್ಷಕ್ಕೆ ಅವನ ತಲೆ ಗಿರಣಿಯ ಮೂಲೆಯ ಹಾಗಾಗಿತ್ತು. ಎಲ್ಲ ಕಾಳೂ ಅಷ್ಟಿಷ್ಟು ಬಿದ್ದಿದ್ದವು, ಒಂದು ರೊಟ್ಟಿಗಾಗುವಷ್ಟು ಯಾವುದೂ ಇರಲಿಲ್ಲ. ಈ ಮಾತು ಅವನೇ ಹೇಳಿಕೊಳ್ಳುತ್ತಿದ್ದದ್ದು. ಬೇರೆಯವರು ಹೇಳಿದ್ದರೆ ಒಂದು ವಾರ ಮುಖ ತಿರುವುತ್ತಿದ್ದ.

ಮದುವೆ, ಗೃಹಪ್ರವೇಶ, ಬೀಳ್ಕೊಡುಗೆ, ಊರಲ್ಲಿ ಏನಿದ್ದರೂ ಅವನವು ಎರಡು ಮಾತು ಇರುತ್ತಿದ್ದವು. ಕರೆಯದಿದ್ದರೂ ಇರುತ್ತಿದ್ದವು. ಆದ್ದರಿಂದ ಮೇ ತಿಂಗಳ ಒಂದು ಸೋಮವಾರ ನರ್ಸಮ್ಮ ಶಾಂತಕುಮಾರಿ ಗಿರಣಿಯ ಕಟ್ಟೆಗೆ ಬಂದು ಭಾಷಣಕ್ಕೆ ಕರೆದಾಗ ಅವನಿಗೇನೂ ಆಶ್ಚರ್ಯವಾಗಲಿಲ್ಲ.

"ಈ ತಿಂಗಳ ಕಡೀಗೆ ರಿಟೈರ್ ಆಕ್ಕೀನ್ರಿ, ಪಾಲಾಕ್ಷಪ್ಪಾರ. ಹೊಸಪೇಟಿಗೆ ಮಗಳ ಹತ್ರ ಹೋಗೋದು. ಐತವಾರ ಹರಪನಹಳ್ಳಿ ಚರ್ಚಿನಾಗ ಪ್ರಾರ್ಥನಿ, ಊಟ. ನೀವು ಬಂದು ಎರಡು ಮಾತು ಆಡಬೇಕು."

"ವಿಷಯ ಏನಮ್ಮ?"

"ಅವತ್ತು ನಮಗ ತ್ರಿಯೇಕ ದೇವರ ಭಾನುವಾರ. ತಂದಿ, ಮಗ, ಪವಿತ್ರಾತ್ಮ. ಮೂರು, ಆದ್ರ ಒಂದು." ಆಕೆ ಚೀಲ ಎತ್ತಿಕೊಂಡು ಅಂದಳು, "ಅದನ್ನ ನೀವ ಒಮ್ಮಿ ಕೇಳಿದ್ರಿ."

ಕೇಳಿದ್ದ. ಮೂವತ್ತಮೂರು ವರ್ಷದ ಹಿಂದೆ, ಈ ಕಟ್ಟೆಯ ಮೇಲೆ ನಿಂತೇ. ಹೊಸದಾಗಿ ಊರಿಗೆ ಬಂದ ನರ್ಸು ಮೊದಲ ಸಲ ಜೋಳದ ಚೀಲ ಇಟ್ಟಾಗ, ಪಾಳಿಯಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಆಕೆಯ ಹಿಟ್ಟು ನಮ್ಮ ಹಿಟ್ಟಿಗೆ ಕೂಡೀತು ಎಂಬ ಪಿಸುಮಾತು ಎದ್ದಿತ್ತು. ಆಗ ಪಾಲಾಕ್ಷಪ್ಪ ಊರಿನ ಪರವಾಗಿ ಜಾಣನಾಗಿದ್ದ. "ದೇವರು ಒಬ್ಬನ ಅಂತೀರಿ, ಎಣಿಸಿದ್ರ ಮೂರು ಆಕ್ಕಾವು. ಆ ಎಣಿಕಿ ನಮ್ಮ ಗಿರಣ್ಯಾಗ ನಡಿಯಂಗಿಲ್ಲವ್ವ. ನಿಂದು ಕಡೀಗೆ ಹಾಕ್ತೀನಿ, ಸರಿದು ನಿಂದ್ರು." ಎಲ್ಲರೂ ನಕ್ಕರು. ಅವತ್ತಿನಿಂದ ಆಕೆಯ ಜೋಳ ದಿನದ ಕೊನೆಗೆ. ಆಕೆ ಮಾತ್ರ ಅವನ ಸೊಸೆಯ ಎರಡು ಹೆರಿಗೆ ಮಾಡಿಸಿದಳು, ಅವನ ಸಕ್ಕರೆ ಕಾಯಿಲೆ ಮೊದಲು ಕಂಡುಹಿಡಿದಳು, ಹದಿನೈದು ದಿನಕ್ಕೊಮ್ಮೆ ಬಂದು ಕೊನೆಗೆ ನಿಂತಳು. ಕಾಲ ಬದಲಾಯಿತು, ನಕ್ಕಿದ್ದವರಲ್ಲಿ ಅರ್ಧ ಜನ ಮಣ್ಣಿಗೆ ಹೋದರು, ರೂಢಿ ಮಾತ್ರ ಮುರುಕು ಬಾಗಿಲಿನಂತೆ ಅಲ್ಲೇ ಜೋತುಬಿದ್ದಿತ್ತು.

ಆಕೆ ಊರು ಬಿಡುವ ಮುಂಚೆ ಆ ಮಾತನ್ನು ವಾಪಸ್ ತೆಗೆದುಕೊಳ್ಳಬೇಕು ಎಂದು ಅವನಿಗೆ ಅನ್ನಿಸಿತು. ತಪ್ಪಾಯಿತು ಎಂದರೆ ಎರಡು ಉಸಿರಿನಲ್ಲಿ ಮುಗಿಯುವ ಕೆಲಸ. ಆದರೆ ನೂರೆಂಟು ಭಾಷಣ ಮಾಡಿದ ಬಾಯಿಗೆ ಆ ಒಂದು ಪದ ಹೊರಳುತ್ತಿರಲಿಲ್ಲ. ಅದಕ್ಕೇ ಉದ್ದದ ದಾರಿ ಹಿಡಿದ: ಮೂರು ಹೇಗೆ ಒಂದು ಎಂಬುದನ್ನು ಆಕೆಯ ಜನರ ಮುಂದೆಯೇ ಬಿಡಿಸಿ ಹೇಳುವುದು. ಅಂದು ನಕ್ಕವನು ಇಂದು ತಿಳಿದುಕೊಂಡ ಎಂದು ಆಕೆಗೆ ಗೊತ್ತಾದರೆ ಸಾಕು. ಹೀಗೆ, ಕಾಲಿಗೆ ಚುಚ್ಚಿದ ಮುಳ್ಳು ತೆಗೆಯಲು ಪಾಲಾಕ್ಷಪ್ಪ ಗುದ್ದಲಿ ಹುಡುಕಿದ.

ಆ ಚರ್ಚಿನ ಪಾಸ್ಟರ್ ಅರುಣಕುಮಾರರನ್ನು ಕೇಳಿದ್ದಕ್ಕೆ ಅವರು ಕ್ರೈಸ್ತ ಸಭೆಯ ಚರಿತ್ರೆಯ ಒಂದು ದಪ್ಪ ಪುಸ್ತಕವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದರು. ಓದಿದ. ಮೊದಲ ಪುಟದಲ್ಲೇ ಬೆರಗಾದ. ತ್ರಿಯೇಕ ಎಂಬ ಪದ ಬೈಬಲ್ಲಿನಲ್ಲೇ ಇಲ್ಲ! ದೇವರು ಒಬ್ಬನೇ ಎಂದು ಇದೆ. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡಿ ಎಂದೂ ಇದೆ. ಇವೆರಡನ್ನು ಹೊಂದಿಸಿ ಹೇಳಿದ್ದು ಇಲ್ಲ. ಆ ಜನ ಮೊದಲು ಕೈ ಮುಗಿದಿದ್ದರು, ತಲೆ ಆಮೇಲೆ ಕೆರೆದುಕೊಂಡಿದ್ದರು. ಯೇಸು ಹೋಗಿ ನೂರೈವತ್ತು ವರ್ಷವಾದ ಮೇಲೆ ಅಂತಿಯೋಕ್ಯದ ಒಬ್ಬ ಬಿಷಪ್ಪು ಗ್ರೀಕಿನಲ್ಲಿ 'ಮೂರರ ಕೂಟ' ಎಂಬಂಥ ಪದ ಬಳಸಿದ. ಸ್ವಲ್ಪ ದಿನಕ್ಕೆ ಕಾರ್ಥೇಜಿನ ಒಬ್ಬ ಮಾತುಗಾರ ಲ್ಯಾಟಿನ್ನಿನಲ್ಲಿ ಅದಕ್ಕೆ ಹೆಸರು ಕಟ್ಟಿದ. ಇನ್ನೂ ನೂರು ವರ್ಷ ಕಳೆದ ಮೇಲೆ ಅಲೆಕ್ಸಾಂಡ್ರಿಯಾದಲ್ಲಿ ಆರಿಯಸ್ ಎಂಬ ಪಾದ್ರಿ ಎದ್ದು, ಮಗ ಇಲ್ಲದಿದ್ದ ಕಾಲ ಒಂದಿತ್ತು, ಅವನೂ ದೇವರು ಮಾಡಿದವನೇ ಎಂದ. ಅದನ್ನೇ ಹಾಡು ಕಟ್ಟಿ ಹಡಗಿನವರಿಗೆ, ದಾರಿಹೋಕರಿಗೆ, ಬೀಸುವವರಿಗೆ ಕಲಿಸಿದನಂತೆ.

"ಕೇಳಿದೇನು, ನಾಗಲಿಂಗಮ್ಮ?" ಪಾಲಾಕ್ಷಪ್ಪ ಹೆಂಡತಿಯನ್ನು ಕೂಗಿದ. "ಬೀಸೋರು ದೇವರ ಮ್ಯಾಲೆ ವಾದ ಹಾಡ್ತಿದ್ರಂತ. ನಮ್ಮ ಕಸುಬಿನೋರು."

"ಅವರು ಕಲ್ಲು ತಿರುವುತಿದ್ರು," ಅಂದಳು ನಾಗಲಿಂಗಮ್ಮ. "ನೀವು ಗುಂಡಿ ಒತ್ತತೀರಿ."

ಜಗಳ ಬಲಿತು ರೋಮಿನ ರಾಜನೇ ನೈಸಿಯದಲ್ಲಿ ಬಿಷಪ್ಪರ ಪಂಚಾಯ್ತಿ ಕೂಡಿಸಿದ. ಮಗ ಮಾಡಿದವನಲ್ಲ, ತಂದೆಯ ತಿರುಳೇ ಅವನ ತಿರುಳು ಎಂದು ತೀರ್ಮಾನವಾಯಿತು. ಅದು ಮುನ್ನೂರ ಇಪ್ಪತ್ತೈದನೇ ಇಸವಿ. ಪವಿತ್ರಾತ್ಮನ ವಿಷಯ ಇತ್ಯರ್ಥವಾದದ್ದು ಇನ್ನೊಂದು ಪಂಚಾಯ್ತಿಯಲ್ಲಿ, ಐವತ್ತಾರು ವರ್ಷ ಬಿಟ್ಟು. ಐವತ್ತಾರು ವರ್ಷ ಪಾಳಿ ಕಾಯುವುದೇ ಎಂದುಕೊಂಡ ಪಾಲಾಕ್ಷಪ್ಪನಿಗೆ ಗಿರಣಿಯ ಕಂಬದ ಪಕ್ಕ ಚೀಲ ಹಿಡಿದು ನಿಂತ ಒಂದು ಸೀರೆ ನೆನಪಾಗಿ, ಪುಸ್ತಕ ಮುಚ್ಚಿದ.

ಭಾನುವಾರ ಇಸ್ತ್ರಿ ಅಂಗಿ, ಹಣೆಗೆ ವಿಭೂತಿ, ಜೇಬಿನಲ್ಲಿ ಒಂದು ಬಿಲ್ವಪತ್ರೆ. ಚರ್ಚಿನಲ್ಲಿ ಎಂಬತ್ತು ಜನ. ಶಾಂತಕುಮಾರಿ ಮುಂದಿನ ಸಾಲಿನಲ್ಲಿ, ನಾಗಲಿಂಗಮ್ಮ ಆಕೆಯ ಪಕ್ಕ. ಮೈಕು ಕೈಗೆ ಬಂತು. ಪಾಲಾಕ್ಷಪ್ಪನಿಗೆ ಒಂದು ಚಟವಿತ್ತು: ಪ್ರತಿ ಮಾತಿಗೂ ವೇದಿಕೆಯ ಮೇಲಿದ್ದ ದೊಡ್ಡವರ ಕಡೆ ತಿರುಗಿ ಹೌದೆನ್ನಿಸಿಕೊಳ್ಳುವುದು. ಅಲ್ಲೇ ಎಡವಿದ.

"ನಾನು ಒಬ್ಬನ. ನನ್ನ ಮಗಗ ಅಪ್ಪ, ನಮ್ಮವ್ವಗ ಮಗ, ಗಿರಣಿಗೆ ಬಂದೋರಿಗೆ ಮಾಲಕ. ಮೂರಾದೆ, ಒಬ್ಬನ ಅದೀನಿ. ಹೌದಲ್ರಿ, ಪಾಸ್ಟರೇ?"

ಅರುಣಕುಮಾರರು ಸತ್ಯ ಬಿಡುವವರಲ್ಲ. "ಅದು ಒಬ್ಬರು ಮೂರು ವೇಷ ಹಾಕಿದಂಗ ಆಕ್ಕೈತ್ರಿ. ಹಂಗಾರ ಯೇಸು ಪ್ರಾರ್ಥನಿ ಮಾಡಿದ್ದು ಯಾರಿಗೆ? ಹಿಂದ ರೋಮಿನಾಗ ಸಬೆಲ್ಲಿಯಸ್ ಅನ್ನೋನು ಇದನ್ನ ಹೇಳಿದ್ದ. ಸಭೆಯಿಂದ ಹೊರಗ ಹಾಕಿದ್ರು."

ಪಾಲಾಕ್ಷಪ್ಪ ಜೇಬಿಗೆ ಕೈ ಹಾಕಿದ. "ಪತ್ರಿ ನೋಡ್ರಿ. ದಳ ಮೂರು, ತೊಟ್ಟು ಒಂದು. ಈಗ ಹೌದಲ್ರಿ?"

"ಒಂದು ದಳ ಅಂದ್ರ ಪತ್ರಿಯ ಮೂರನೇ ಪಾಲು ಆತಲ್ರಿ. ಯೇಸು ದೇವರ ಪಾಲು ಅಲ್ಲ, ಪೂರ್ತಿ ದೇವರು ಅಂತ ನಮ್ಮ ನಂಬಿಕಿ."

"ಆತು ಬಿಡ್ರಿ. ನಾವು ಅಣ್ಣತಮ್ಮರು ಮೂರು ಮಂದಿ. ಒಂದ ಮನಿ, ಒಂದ ಒಲಿ, ಒಂದ ಮನಸ್ಸು."

"ಅದು ಮೂರು ದೇವರು ಆಕ್ಕೈತಿ," ಅಂದರು ಪಾಸ್ಟರು, ಪಾಪ, ಬೇಸರದಿಂದಲೇ.

"ಬ್ಯಾರೆ ಆಗಿ ಇಪ್ಪತ್ತು ವರ್ಷಾತ್ರಿ," ನಾಗಲಿಂಗಮ್ಮ ಕೂತಲ್ಲಿಂದಲೇ ಸೇರಿಸಿದಳು. "ಒಲಿ ಮೂರು ಅದಾವು."

ಚರ್ಚು ನಕ್ಕಿತು. ಬಿಷಪ್ಪರು ಮುನ್ನೂರು ವರ್ಷ ಹೊಡೆದಾಡಿ ತಳ್ಳಿಹಾಕಿದ್ದ ತಪ್ಪುಗಳಲ್ಲಿ ಮೂರನ್ನು ಪಾಲಾಕ್ಷಪ್ಪ ಹತ್ತು ನಿಮಿಷದಲ್ಲಿ ಮಾಡಿ ಮುಗಿಸಿದ್ದ. ಅವನ ಹತ್ತಿರ ಉಳಿದಿದ್ದದ್ದು ಗಿರಣಿ ಒಂದೇ.

"ನನಗ ಗೊತ್ತಿದ್ದ ಕಸುಬು ಹೇಳ್ತೀನಿ," ಅಂದ. "ಒಬ್ಬರದು ಬೀಸಿ ಮುಗಿಸಿದ್ರೂ ಕಲ್ಲಿನೊಳಗ ಒಂದೆರಡು ಹಿಡಿ ಹಿಟ್ಟು ಉಳೀತೈತಿ. ಮುಂದ ಯಾರು ಹಾಕಿದ್ರೂ ಅವರ ಹಿಟ್ಟಿನಾಗ ಕೂಡಿ ಹೊರಗ ಬರ್ತೈತಿ. ಬ್ಯಾರೆ ಮಾಡಾಕ ಬರಂಗಿಲ್ಲ. ಅದಕ್ಕ..."

ಅಲ್ಲಿಗೆ ಬಂದಾಗ ಅವನಿಗೇ ಹೊಳೆಯಿತು. ಅದಕ್ಕೇ ನರ್ಸಮ್ಮನ ಜೋಳ ದಿನದ ಕೊನೆಗೆ. ಆಕೆಯ ನಂತರ ಯಾರೂ ಇರಬಾರದು. ಮತ್ತೆ ಬೆಳಿಗ್ಗೆ ಎದ್ದು ಮೊದಲ ಬೋಣಿಗೆ ಬೀಸುವುದು ಯಾವಾಗಲೂ ಅವನ ಮನೆಯ ಜೋಳ. ಅವರಪ್ಪನ ಕಾಲದಿಂದ ಬಂದ ಪದ್ಧತಿ. ಎರಡೂ ಅವನಿಗೆ ಗೊತ್ತಿದ್ದವು. ಮೂವತ್ತಮೂರು ವರ್ಷ ಎರಡನ್ನೂ ಒಂದು ಕಡೆ ಇಟ್ಟು ನೋಡಿರಲಿಲ್ಲ.

ಜನ ಕಾಯುತ್ತಿದ್ದರು. ಅವನು ಈ ಸಲ ಪಾಸ್ಟರ ಕಡೆ ತಿರುಗಲಿಲ್ಲ.

"ಈ ನರ್ಸಮ್ಮಗ ಮೊದಲ ದಿನ ಅಂದು ನಾಲ್ಕು ಮಂದೀನ ನಗಿಸೀನಿ. ಆಕಿ ದೇವರನ್ನ ಎಣಿಸಿ. ಆಕಿ ಹಿಟ್ಟು ಯಾರ ಹಿಟ್ಟಿಗೂ ಕೂಡಬಾರದು ಅಂತ ಕಡೀಗೆ ನಿಲ್ಲಿಸೀನಿ. ಮರುದಿನ ಮೊದಲು ಬೀಸೋದು ನಮ್ಮನಿದು. ಅಷ್ಟು ವರ್ಷ ಆಕಿ ಹಿಟ್ಟನ್ನ ಉಂಡು ತೇಗೀನಿ, ತಿಳಿದಿಲ್ಲ." ಅವನು ಮುಂದಿನ ಸಾಲಿನ ಕಡೆ ತಿರುಗಿದ. "ತಪ್ಪಾತು, ನರ್ಸಮ್ಮ. ಇದನ್ನ ಹೇಳಾಕ ಬಂದಿದ್ದೆ. ಸುತ್ತಿ ಬಂದೆ."

ನಾಗಲಿಂಗಮ್ಮನ ದನಿ ಕೇಳಿತು. "ನನಗ ಮೊದಲಿಂದ ಗೊತ್ತಿತ್ತು. ಆಕಿ ತರೋದು ಹಿರೇಹಡಗಲಿ ಕಡೆ ಬಿಳಿಜ್ವಾಳ. ಮರುದಿನ ನಮ್ಮ ರೊಟ್ಟಿ ಮೆತ್ತಗ ಬರ್ತಿದ್ವು."

ಪಾಲಾಕ್ಷಪ್ಪ ಮೈಕು ಇಡುವಾಗ ಪಾಸ್ಟರನ್ನು ಮೆಲ್ಲಗೆ ಕೇಳಿದ, "ಇದನ್ನೂ ಯಾವುದಾರ ಪಂಚಾಯ್ತಿ ತಳ್ಳಿಹಾಕೈತೇನ್ರಿ?"

"ಇದನ್ನ ಇನ್ನೂ ಇಲ್ರಿ," ಅಂದರು ಅರುಣಕುಮಾರರು.

ಊಟದ ಪಂಕ್ತಿಯಲ್ಲಿ ಶಾಂತಕುಮಾರಿ ಎದುರಿಗೆ ಬಂದು ಕುಳಿತಳು. ನಗಲಿಲ್ಲ. "ಕಡೀ ಪಾಳಿ ಆದ್ರ ಮನಿ ಮುಟ್ಟೋದ್ರಾಗ ಕತ್ತಲಾಗ್ತಿತ್ರಿ. ಮಗಳು ಸಣ್ಣಕಿ, ಹಸಿದು ಒಬ್ಬಾಕಿನ ಕುಂತಿರ್ತಿದ್ಲು." ಪಾಲಾಕ್ಷಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆಕೆಯೇ ಅಂದಳು, "ಉಣ್ರಿ, ನಿಮಗ ಶುಗರ್ ಐತಿ. ಮೂರು ಹೆಂಗ ಒಂದು ಅಂತ ನನಗೂ ತಿಳಿದಿಲ್ರಿ. ನೀವಾದ್ರೂ ಹೇಳ್ತೀರಂತ ಮುಂದ ಕುಂತಿದ್ದೆ."

ಊರು ಬಿಡುವ ದಿನ ಆಕೆ ಕೊನೆಯ ಚೀಲ ತಂದದ್ದು ಬೆಳಿಗ್ಗೆ ಎಂಟಕ್ಕೆ. ಪಾಲಾಕ್ಷಪ್ಪ ಯಾರಿಗೂ ಬೋಣಿ ಮಾಡದೆ ಕಾದಿದ್ದ. ಪಾಳಿಯಲ್ಲಿದ್ದ ಗಾಳೆಮ್ಮ, "ಮೊದಲು ನಿಮ್ಮನಿದು ಹಾಕಂಗಿಲ್ಲೇನ್ರಿ?" ಎಂದಳು. ಅವನು ನರ್ಸಮ್ಮನ ಜೋಳ ಸುರಿದು ಗುಂಡಿ ಒತ್ತಿದ.

ಬಿಸಿ ಹಿಟ್ಟು ಚೀಲಕ್ಕೆ ಇಳಿಯುವುದನ್ನು ನೋಡುತ್ತ ಶಾಂತಕುಮಾರಿ ಕೇಳಿದಳು, "ನಿನ್ನಿ ಕಡೀಗೆ ಯಾರದು ಬೀಸಿದ್ರಿ?"

"ನಮ್ದು," ಅಂದ ಪಾಲಾಕ್ಷಪ್ಪ.

ಆಕೆ ಒಂದು ಚಿಟಿಕೆ ಹಿಟ್ಟು ತೆಗೆದು ಬೆರಳಲ್ಲಿ ತಿಕ್ಕಿ ನೋಡಿದಳು. "ಹಂಗಾರ ನಮ್ಮ ರೊಟ್ಟಿ ಇವತ್ತು ಬಿರುಸು," ಎಂದು ಚೀಲದ ಬಾಯಿ ಕಟ್ಟಿದಳು.