ಮೋಡದಿಂದ ಇಳಿದು ಬಂದವರು

ಮೋಡದೊಳಗೆ ನೀರಿರುತ್ತದೆ ಎಂದು ಶಾಲೆಯಲ್ಲಿ ಓದಿ, ಅಷ್ಟಕ್ಕೇ ತೃಪ್ತನಾಗಿ ಅರ್ಧ ಆಯುಷ್ಯ ಕಳೆದವನು ನಾನು. ಅದರೊಳಗೆ ಬಸವೇಶ್ವರನಗರದ ವಧೂವರರನ್ನೂ ಇಡಬಹುದು ಎಂದು ಗೊತ್ತಾದದ್ದು, ಕ್ಲೌಡ್ ಬ್ಯಾಕಪ್ ಮಾರುವ ತರುಣನೊಬ್ಬ ಟೈ ಕಟ್ಟಿಕೊಂಡು ನಮ್ಮ ಕೇಂದ್ರಕ್ಕೆ ಬಂದ ಮೇಲೆ. "ಸಾರ್, ಕಂಪ್ಯೂಟರ್ ಸುಟ್ಟು ಬೂದಿಯಾದ್ರೂ ನಿಮ್ಮ ಡೇಟಾ ಸಾಯಲ್ಲ" ಎಂದ. ಆ ಮಾತು ಆಗ ನನಗೆ ಭರವಸೆಯಾಗಿಯೇ ಕೇಳಿಸಿತ್ತು.

ನಾನೂ ನನ್ನ ಹೆಂಡತಿಯೂ ಮನೆಯ ಮುಂದಿನ ಪೋರ್ಷನ್ನಿನಲ್ಲಿ ವಧೂವರರ ಕೇಂದ್ರ ನಡೆಸುತ್ತೇವೆ. ಹೆಸರು ಬರೆಸುವವರಲ್ಲಿ ದಾವಣಗೆರೆ, ಹಾವೇರಿ ಕಡೆಯಿಂದ ಬಂದು ಇಲ್ಲಿ ನೆಲೆಸಿದವರೇ ಹೆಚ್ಚು. ಎಲ್ಲರ ವಿವರ, ಫೋಟೋ ಒಂದೇ ಫೈಲಿನಲ್ಲಿರುತ್ತದೆ. ಹೊಂದುವ ಜೋಡಿ ಸಿಕ್ಕರೆ ಕಂಪ್ಯೂಟರೇ ಎರಡೂ ಮನೆಗೆ ಮೆಸೇಜ್ ಕಳಿಸುತ್ತದೆ. ಈ ಫೈಲನ್ನು ನಾವು ಮುಚ್ಚುವುದೇ ಇಲ್ಲ. ಮದುವೆ ಕೂಡಿಸುವ ಜಾಗದಲ್ಲಿ ಯಾವುದನ್ನೂ 'ಮುಚ್ಚು' ಎನ್ನಬಾರದು ಎಂಬುದು ನನ್ನ ಹೆಂಡತಿಯ ಶಾಸ್ತ್ರ. ದೀಪ ಆರಿಸು ಎನ್ನದೆ ಶಾಂತ ಮಾಡು ಎನ್ನುವ ಮನೆಯಲ್ಲಿ ಬೆಳೆದವಳು. ಅವಳೊಂದಿಗೆ ವಾದ ಮಾಡಿ ಗೆದ್ದ ನೆನಪು ನನಗಂತೂ ಇಲ್ಲ.

ಹೋದ ತಿಂಗಳು ಕಂಪ್ಯೂಟರ್ ಕೆಟ್ಟಿತು. ನಾನು ಹೆದರಲಿಲ್ಲ. ದಿನವೂ ಬೆಳಿಗ್ಗೆ ಬ್ಯಾಕಪ್ಪಿನ ಹಸಿರು ಟಿಕ್ ನೋಡಿಯೇ ಕಾಫಿ ಕುಡಿಯುತ್ತಿದ್ದವನು. ಆದರೆ ತೆರೆದಿರುವ ಫೈಲನ್ನು ಆ ಸಾಫ್ಟ್‌ವೇರ್ ಮುಟ್ಟುವುದಿಲ್ಲವಂತೆ, ಬಿಟ್ಟು ಮುಂದೆ ಹೋಗುತ್ತದಂತೆ, ಬಿಟ್ಟೆನೆಂದು ಹೇಳುವುದೂ ಇಲ್ಲವಂತೆ. "ನಿಮ್ಮ ಬ್ಯಾಕಪ್ ಎಲ್ಲಾ ಸಕ್ಸಸ್‌ಫುಲ್ ಸಾರ್, ಆ ಒಂದು ಫೈಲ್ ಬಿಟ್ಟು" ಎಂದಳು ಸಹಾಯವಾಣಿಯ ಹುಡುಗಿ. ನನ್ನ ಬಳಿ ಇದ್ದದ್ದೇ ಆ ಒಂದು ಫೈಲು. ಮೊದಲ ದಿನ ಆ ಟೈ ತರುಣ ತಾನೇ ಮುಚ್ಚಿ, ನಕಲು ತೆಗೆದು, ಮತ್ತೆ ತೆರೆದಿಟ್ಟು ಹೋಗಿದ್ದ. ಮೂರು ವರ್ಷ ಹಳೆಯ ಆ ನಕಲೇ ಮರಳಿ ಬಂತು.

ಅದರೊಂದಿಗೆ ಎಲ್ಲರೂ ಬಂದರು. ಮಗುವಿನ ನಾಮಕರಣಕ್ಕೆ ನನ್ನನ್ನು ಕರೆದಿದ್ದವರು ಮತ್ತೆ ಅವಿವಾಹಿತರಾಗಿ, ಅದೇ ಸ್ಟುಡಿಯೋ ಪರದೆಯ ಮುಂದೆ ನಗುತ್ತಾ ನಿಂತಿದ್ದರು. ವಿಜಯನಗರದ ವರನೊಬ್ಬನಿಗೆ ಉದುರಿದ್ದ ಕೂದಲೂ ವಾಪಸ್ ಬಂದಿತ್ತು. ನಗು ಬಂತು. ಆಮೇಲೆ ಗಮನಿಸಿದೆ: ಮುಖಗಳು ಅಂದಿನವು, ವಯಸ್ಸು ಮಾತ್ರ ಇಂದಿನದು. ಹುಟ್ಟಿದ ದಿನ ನೋಡಿ ಕಂಪ್ಯೂಟರ್ ತಾನೇ ವಯಸ್ಸು ಹಾಕುತ್ತದೆ, ಅಷ್ಟೇ. ಆದರೂ ಇವರೆಲ್ಲ ಮೋಡದೊಳಗೆ ಕೂತು ಸದ್ದಿಲ್ಲದೆ ಬೆಳೆಯುತ್ತಿದ್ದರೇನೋ ಅನಿಸಿತು.

ಬ್ಯಾಕಪ್ ನಮ್ಮ ಹಿರಿಯರಿಗೂ ಗೊತ್ತಿತ್ತು. ಕೊಟ್ಟ ದಾನವನ್ನು ಕಲ್ಲಿನಲ್ಲಿ ಕೆತ್ತಿಸಿ, ಅಳಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ ಎಂದು ಕೊನೆಗೊಂದು ಶಾಪವನ್ನೂ ಬರೆಸುತ್ತಿದ್ದರು. ಯಾವ ಪಾಸ್‌ವರ್ಡೂ ಅದರಷ್ಟು ಗಟ್ಟಿಯಲ್ಲ. ಆದರೆ ಆ ಕಲ್ಲುಗಳಿಗೆ ಒಂದು ಮರ್ಯಾದೆಯಿತ್ತು. ನೆಟ್ಟಲ್ಲೇ ನಿಂತಿರುತ್ತಿದ್ದವು, ಎದ್ದು ಹೋಗಿ ಯಾರ ಮನೆಯ ಬಾಗಿಲನ್ನೂ ತಟ್ಟುತ್ತಿರಲಿಲ್ಲ. ನನ್ನ ಫೈಲು ಆ ಸಂಜೆಯೇ ಜೋಡಿ ಹೊಂದಿಸಿ ಮನೆಮನೆಗೆ ಮೆಸೇಜ್ ಕಳಿಸಿಬಿಟ್ಟಿತು.

ಎರಡು ದಿನ ಕಳೆದ ಮೇಲೆ ಹಿಂದಿನ ರಸ್ತೆಯ ಗಿರಿಜಮ್ಮ ಬಂದರು. ಗಂಡ ಹೋಗಿ ಬಹಳ ಕಾಲವಾಯಿತು. ಒಬ್ಬಳೇ ಮಗಳು ಶಿಲ್ಪಾ ಎರಡು ವರ್ಷದ ಹಿಂದೆ ಡೆಂಗ್ಯೂ ಜ್ವರದಲ್ಲಿ ತೀರಿಕೊಂಡಳು. ಅವಳ ಮಣ್ಣಿಗೆ ಹೋಗಿ ಬಂದವನೇ ಫೈಲಿನಿಂದ ಹೆಸರು ತೆಗೆದಿದ್ದೆ.

"ಶಿಲ್ಪಾಗೆ ಗಂಡು ಬಂದಿದೆ ಅಂತ ಮೆಸೇಜ್ ಬಂತು ಸಾರ್" ಎಂದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಬೈಯಲಿಲ್ಲ, ಫೋನು ಮುಂದೆ ಹಿಡಿದರು. "ವಯಸ್ಸು ಮೂವತ್ತು ಅಂತ ಹಾಕಿದೆ. ಅವಳಿಗೆ ಮೂವತ್ತಾಯ್ತಾ? ನಾನು ಇಪ್ಪತ್ತೆಂಟಕ್ಕೇ ನಿಲ್ಲಿಸ್ಬಿಟ್ಟಿದ್ದೆ."

ಪರದೆಯ ಮೇಲೆ ಅವಳ ವಿವರ ತೆರೆದು, ಕಂಪ್ಯೂಟರಿನ ಕಥೆಯೆಲ್ಲ ಹೇಳಿ ಕೈ ಮುಗಿದೆ. ಅವರ ಗಮನ ಅಲ್ಲಿರಲಿಲ್ಲ.

"ಕೆಂಗೇರಿ ಉಪನಗರದಿಂದ ಹುಡುಗನ ತಾಯಿ ಫೋನ್ ಮಾಡಿದ್ರು. ಫೋಟೋ ಇಷ್ಟ ಆಗಿದೆ, ಹುಡುಗಿ ನೋಡೋಕೆ ಯಾವಾಗ ಬರೋಣ ಅಂದ್ರು."

"ನೀವೇನಂದ್ರಿ?"

"ಭಾನುವಾರ ಬನ್ನಿ ಅಂದ್ಬಿಟ್ಟೆ."

ಹೊರಗೆ ಸೊಪ್ಪಿನವಳು ಕೂಗುತ್ತಾ ಹೋದಳು. ಒಳಗೆ, ಕಂಪ್ಯೂಟರಿನ ಪರದೆಯಿಂದ ಶಿಲ್ಪಾ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನನಗೆ ನಿಜಕ್ಕೂ ಭಯವಾಯಿತು. ಭಾನುವಾರ ಆ ಮನೆಯ ಬಾಗಿಲು ತೆರೆದಾಗ ಈ ತಾಯಿ ಒಳಗೆ ತಿರುಗಿ ಯಾರನ್ನು ಕರೆಯುತ್ತಾರೆ?

"ಯಾಕಮ್ಮಾ ಹಾಗಂದ್ರಿ?"

"ಹುಡುಗಿ ಹೇಗಿದ್ದಾಳೆ ಅಂತ ಕೇಳಿದ್ರು ಸಾರ್. ಎರಡು ವರ್ಷದಿಂದ ಅವಳನ್ನ ಯಾರೂ ಕೇಳಿರ್ಲಿಲ್ಲ."

ಹುಡುಗನ ಮನೆಗೆ ನಾನೇ ಫೋನು ಮಾಡಿದೆ. ಹುಡುಗಿಗೆ ಬೇರೆ ಕಡೆ ಮದುವೆ ಗೊತ್ತಾಗಿದೆ ಎಂದು ಹೇಳಿ ಮುಗಿಸುವುದೆಂದುಕೊಂಡಿದ್ದೆ. ನಮ್ಮ ಕಸುಬಿನಲ್ಲಿ ಇಂಥ ಸುಳ್ಳಿಗೆ ರಿಯಾಯಿತಿಯಿದೆ. ಆ ಕಡೆಯಿಂದ "ಹೇಳಿ ಸಾರ್" ಎನ್ನುವಷ್ಟರಲ್ಲಿ ಗಿರಿಜಮ್ಮ ಕೈಚಾಚಿ ಫೋನು ತೆಗೆದುಕೊಂಡರು. "ಅಮ್ಮಾ, ನನ್ನ ಮಗಳಿಲ್ಲ. ಹೋಗಿ ಎರಡು ವರ್ಷ ಆಯ್ತು. ಅವತ್ತು ಹೇಳೋಕೆ ಬಾಯೇ ಬರ್ಲಿಲ್ಲ."

ಫೋನಿನ ಸ್ಪೀಕರಿನಲ್ಲಿ ಹುಡುಗನ ತಾಯಿಯ ಧ್ವನಿ ಬಂತು: "ಭಾನುವಾರ ಅಂತ ಹೇಳಿದೀರಲ್ಲ, ಬರ್ತೀವಿ ಬಿಡಿ. ನಿಮ್ಮನ್ನ ನೋಡ್ಕೊಂಡು ಹೋಗ್ತೀವಿ. ಅವಳ ಬೇರೆ ಫೋಟೋ ಇದ್ರೆ ತೋರ್ಸಿ."

ಗಿರಿಜಮ್ಮನ ಎದುರಿಗೇ ಶಿಲ್ಪಾಳ ಹೆಸರನ್ನು ಇನ್ನೊಮ್ಮೆ ತೆಗೆದೆ. ಮೋಡದಲ್ಲಿರುವ ನಕಲು ಯಾವಾಗ ಹೋಗುತ್ತದೆ ಎಂದು ಸಹಾಯವಾಣಿಯಲ್ಲಿ ಕೇಳಿದರೆ, ಆ ಹುಡುಗಿಗೂ ಗೊತ್ತಿಲ್ಲ. ಅಲ್ಲಿ ಶಿಲ್ಪಾಗೆ ಮೂವತ್ತೊಂದೂ ಆಗಬಹುದು, ಅರವತ್ತೂ ಆಗಬಹುದು.

ಗಿರಿಜಮ್ಮ ಚಪ್ಪಲಿ ಮೆಟ್ಟಿಕೊಂಡು ಗೇಟಿನ ತನಕ ಹೋದವರು ತಿರುಗಿ ನಿಂತರು.

"ಸಾರ್, ಉಪ್ಪಿಟ್ಟಿನ ಜೊತೆಗೆ ಕೇಸರಿಭಾತೂ ಮಾಡಿದ್ರೆ ಅವರು ಏನಾದ್ರೂ ಅನ್ಕೋತಾರಾ?"

"ಏನೂ ಅನ್ಕೊಳ್ಳಲ್ಲ, ಮಾಡಿ" ಎಂದೆ. "ನಾವೂ ಬರ್ತೀವಿ."