ಮೇಡಂ ನಿಷೇಧಿಸಿದ ಮಾತು

ಶಿಕ್ಷಕರ ತರಬೇತಿ ಕಾಲೇಜಿನ ಮೇಡಂ ತಮ್ಮ ಜೀವಮಾನದಲ್ಲಿ ಪಾಠ ಹೇಳಿದ್ದಕ್ಕಿಂತ ಪಾಠ ಕೇಳಿದ್ದೇ ಹೆಚ್ಚು. ಹೈಸ್ಕೂಲುಗಳ ಕೊನೆಯ ಬೆಂಚಿನಲ್ಲಿ, ಮಂಡಿಗೆ ಜಾಗವಿಲ್ಲದಂತೆ ಕೂತು, ನಾಳೆಯ ಮೇಷ್ಟ್ರುಗಳು ಬೆವರುವುದನ್ನು ನೋಡುವುದೇ ಅವರ ಉದ್ಯೋಗ. ನೋಡಿ ನೋಡಿ ಒಂದು ಮಾತಿನ ಮೇಲೆ ಅವರಿಗೆ ಹಾವು ಮುಂಗುಸಿಯ ಹಗೆ ಬೆಳೆದಿತ್ತು: ‘ಅರ್ಥ ಆಯ್ತಾ?’

“ಹಾಗೆ ಕೇಳಿದ್ರೆ ಮಕ್ಕಳು ‘ಆಯ್ತೂ’ ಅಂತ ರಾಗ ಎಳೀತಾರೆ. ಅವರಿಗೆಷ್ಟು ಅರ್ಥ ಆಗಿರುತ್ತೋ ಬೆಂಚಿಗೂ ಅಷ್ಟೇ ಆಗಿರುತ್ತೆ,” ಎನ್ನುವರು.

ಮನೆಯಲ್ಲಿ ಮಾತ್ರ ಕುಕ್ಕರ್ ಯಾವಾಗ ಇಳಿಸಬೇಕೆಂದು ಗಂಡನಿಗೆ ವಿವರಿಸಿ, “ಅರ್ಥ ಆಯ್ತಾ?” ಎಂದೇ ಮುಗಿಸುವರು. ಯಜಮಾನರು ಪೇಪರಿನಿಂದ ತಲೆ ಎತ್ತದೆ “ಆಯ್ತು” ಎನ್ನುವರು. ಅನ್ನ ಸೀಯುವುದು.

ಈ ವರ್ಷ ಮೇಡಂಗೆ ಗಂಟುಬಿದ್ದವಳು ‘ಗಡಿಬಿಡಿ’ ಎಂಬ ಅಡ್ಡಹೆಸರಿನ ತರಬೇತಿಯ ಹುಡುಗಿ. ಬುದ್ಧಿವಂತೆ, ಆದರೆ ಉಸಿರಿಗೊಂದು ‘ಅರ್ಥ ಆಯ್ತಾ’. ಪರೀಕ್ಷೆಯ ಪಾಠದಲ್ಲಿ ಎಡವಿದರೆ ಅವಳ ವರ್ಷವೆಲ್ಲ ನೀರಿನಲ್ಲಿ ಹೋಮ.

“ಆ ಮಾತು ನಾಲಿಗೆಗೆ ಬಂದ ಕೂಡ್ಲೇ ಬಾಯಿ ಮುಚ್ಚಿ ನಿಂತ್ಕೋ ತಾಯಿ.”

“ಎಷ್ಟೊತ್ತು ಮೇಡಂ?”

“ಬೇರೆ ಯಾರಾದ್ರೂ ಮಾತಾಡೋ ತನಕ.”

ಪರೀಕ್ಷೆಯ ದಿನ, ಬಾಗಿಲಿನ ಹಿಡಿ ಕೀಲಿನಿಂದ ದೂರ ಏಕಿರುತ್ತದೆಂದು ಗಡಿಬಿಡಿ ವಿವರಿಸಿದಳು. ಮಕ್ಕಳು ರಾಗಕ್ಕೆ ಬಾಯಿ ತೆರೆದರು. ಅವಳು ತುಟಿ ಬಿಗಿದು ನಿಂತಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಗಡಿಯಾರ ನೋಡಿಕೊಂಡರು. ಪಾಠ ಮರೆತಳೆಂದುಕೊಂಡರೇನೋ ಎಂದು ಮೇಡಂ ಕೊನೆಯ ಬೆಂಚಿನಿಂದ ಮುಂದಕ್ಕೆ ಬಾಗಿದರು.

ಆಗ ಮೂಲೆಯ ಹುಡುಗಿಯೊಬ್ಬಳು ಗೊಣಗಿದಳು: “ಟೀಚರ್, ನಂಗೆ ಒಂಚೂರೂ ತಿಳೀಲಿಲ್ಲ.”

ಗಡಿಬಿಡಿಯ ಮುಖ ಅರಳಿತು. “ಬಾ, ಬಾಗಿಲು ತಳ್ಳು. ಕೀಲಿನ ಹತ್ರ, ಒಂದೇ ಬೆರಳಲ್ಲಿ.”

ಹುಡುಗಿ ಮುಖ ಕೆಂಪಾಗುವಂತೆ ತಿಣುಕಿದಳು. ಬಾಗಿಲು ಮಿಸುಕಲಿಲ್ಲ.

“ಈಗ ಹಿಡಿ ಹತ್ರ.”

ಬಾಗಿಲು ಹಾರಿದಂತೆ ತೆರೆದು, ಹೊರಗೆ ಕಿವಿಗೊಟ್ಟು ನಿಂತಿದ್ದ ಹೆಡ್‌ಮಾಸ್ಟರ ಹಣೆಗೆ ಬಡಿಯಿತು. ಇಡೀ ತರಗತಿಗೆ ಪಾಠ ತಿಳಿಯಿತು. ಹೆಡ್‌ಮಾಸ್ಟರಿಗಂತೂ ಚೆನ್ನಾಗಿಯೇ ತಿಳಿಯಿತು.

ಪರೀಕ್ಷಕರು ಹೊರಟ ಮೇಲೆ ಮೇಡಂ ಗಡಿಬಿಡಿಯನ್ನು ಪಡಸಾಲೆಯಲ್ಲಿ ನಿಲ್ಲಿಸಿಕೊಂಡು ಉದ್ದನೆಯ ಉಪದೇಶ ಶುರುಮಾಡಿದರು: “ನೀನು ಸುಮ್ನಿದ್ದಿದ್ದಕ್ಕೇ ಆ ಮಗು ಬಾಯಿಬಿಡ್ತು. ಕಾಯೋದೂ ಪಾಠದ ಒಂದು ಭಾಗ. ಅರ್ಥ ಆಯ್ತಾ?”

ಗಡಿಬಿಡಿ ‘ಆಯ್ತು’ ಎನ್ನಲಿಲ್ಲ. ತುಟಿ ಬಿಗಿದು ನಿಂತಳು. ಬೇರೆ ಯಾರಾದರೂ ಮಾತಾಡುವ ತನಕ.

ಮೇಡಂ ನಾಲಿಗೆ ಕಚ್ಚಿಕೊಂಡರು. “ಪಾಸಾಗಿದ್ದೀಯ ಕಣೇ, ಹೋಗು.”